ಭಾನುವಾರದ ರಜೆ ಬಂದ ಬಗೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ನಮ್ಮ ಮನೆಗೆ ಬಂದಿದ್ದ. ಅಂದು ಭಾನುವಾರ. ಊಟಕ್ಕೆ ಕುಳಿತಾಗ ಅವನಿಗೆ ಕಛೇರಿಯಿಂದ ಎರಡು ಬಾರಿ ಕರೆ ಬಂದಿತು. "ನಮ್ಮಲ್ಲಿ ಹೀಗೆಯೇ ಸರ್, ಏನೂ ಮಾಡಲಾಗದು" ಎಂದು ನಕ್ಕ. ನನ್ನ ಸೇವಾವಧಿಯಲ್ಲಿ ಅದೇ ಮಾತನ್ನು ನಾನೂ ಎಷ್ಟೋ ಸಲ ಆಡಿದ್ದುಂಟು. ನಾರಾಯಣ ಮೇಘಾಜಿ ಲೋಖಂಡೆಯವರ ಹೆಸರು ಕೇಳಿದ್ದೀಯಾ ಎಂದೆ. ಇಲ್ಲವೆಂದ. ತಪ್ಪು ಅವನದಲ್ಲ, ಅವನಿಗೆ ಇತಿಹಾಸ ಹೇಳಿದವನು ನಾನೇ.

ಲೋಖಂಡೆಯವರು 1848ರಲ್ಲಿ ಠಾಣೆಯಲ್ಲಿ ಜನಿಸಿದರು. ಮುಂಬಯಿಯ ಬಟ್ಟೆಗಿರಣಿಯೊಂದರಲ್ಲಿ ಉಗ್ರಾಣ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಮಹಾತ್ಮ ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜಕ್ಕೆ ಸೇರಿದವರು. 1880ರಿಂದ 'ದೀನಬಂಧು' ಪತ್ರಿಕೆಯನ್ನು ಮುಂಬಯಿಯಿಂದ ನಡೆಸಿದರು.

ಆಗ ಗಿರಣಿಗಳಿಗೆ ಸೂರ್ಯನೇ ಗಡಿಯಾರ. ಉದಯದಿಂದ ಅಸ್ತದವರೆಗೆ ದುಡಿಮೆ. ಬೇಸಿಗೆಯಲ್ಲಿ ಹಗಲು ಬೆಳೆದಂತೆ ದುಡಿಮೆಯೂ ಬೆಳೆಯುತ್ತಿತ್ತು. 1881ರ ಕಾರ್ಖಾನೆ ಕಾಯಿದೆಯು ಏಳು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದೆಂದಿತು, ಏಳರಿಂದ ಹನ್ನೆರಡರವರಿಗೆ ದಿನಕ್ಕೆ ಒಂಬತ್ತು ಗಂಟೆಯ ಮಿತಿ ಹಾಕಿತು. ವಯಸ್ಕರ ಬಗ್ಗೆ ಒಂದು ಮಾತೂ ಇರಲಿಲ್ಲ. ಹೊಟ್ಟೆಪಾಡು, ಹಣೆಬರಹ ಎಂದು ಎಲ್ಲರೂ ಒಪ್ಪಿಕೊಂಡಿದ್ದ ಕಾಲ.

1884ರಲ್ಲಿ ಲೋಖಂಡೆಯವರು ಕಾರ್ಮಿಕರ ಸಭೆ ಕರೆದು ಮನವಿಯೊಂದನ್ನು ಸಿದ್ಧಪಡಿಸಿದರು. ಸುಮಾರು 5,500 ಜನ ಅದಕ್ಕೆ ಸಹಿ ಮಾಡಿದರು. ಬೇಡಿಕೆಗಳಾದರೂ ಎಂಥವು? ಭಾನುವಾರ ರಜೆ, ನಡುಹಗಲು ಅರ್ಧ ಗಂಟೆ ಬಿಡುವು, ತಿಂಗಳ ಸಂಬಳ ಮುಂದಿನ ತಿಂಗಳ 15ರೊಳಗೆ, ಕೆಲಸದಲ್ಲಿ ಗಾಯಗೊಂಡವನಿಗೆ ವಾಸಿಯಾಗುವ ತನಕ ವೇತನ. ಇಷ್ಟನ್ನು ಕೇಳುವುದಕ್ಕೂ ಎದೆಗಾರಿಕೆ ಬೇಕಾಗಿತ್ತು. ಭಾನುವಾರವೆಂದರೆ ಕ್ರೈಸ್ತರ ದಿನವೆಂದು ಮೂಗು ಮುರಿಯುವಂತಿರಲಿಲ್ಲ. ಮರಾಠಿ ಜನರಿಗೆ ಅದು ಖಂಡೋಬನ ವಾರ (ನಮ್ಮ ಮೈಲಾರಲಿಂಗನೇ ಅವರ ಖಂಡೋಬ). ಇನ್ನೊಂದು ಮಾತನ್ನೂ ಹೇಳಬೇಕು. ಇಂಥ ಕಾಯಿದೆಗಳ ಹಿಂದೆ ಲಂಕಾಷೈರಿನ ಗಿರಣಿ ಮಾಲೀಕರ ಸ್ವಾರ್ಥವಿದೆಯೆಂದು ಅಂದಿನ ಹಲವು ದೇಶಾಭಿಮಾನಿ ಪತ್ರಿಕೆಗಳು ವಿರೋಧಿಸಿದವು. ಅದರಲ್ಲಿ ಸತ್ಯಾಂಶವೂ ಇತ್ತು. ಆದರೆ ಮಗ್ಗದ ಮುಂದೆ ನಿಂತವನ ಕಾಲುನೋವಿಗೆ ಅದು ಉತ್ತರವಾಗಲಿಲ್ಲ.

ಆರು ವರ್ಷ ಏನೂ ಆಗಲಿಲ್ಲ. ಲೋಖಂಡೆಯವರು ಬಿಡಲಿಲ್ಲ. 1890ರ ಏಪ್ರಿಲ್ 24ರಂದು ಮುಂಬಯಿಯಲ್ಲಿ ಸುಮಾರು ಹತ್ತು ಸಾವಿರ ಕಾರ್ಮಿಕರು ನೆರೆದರು. ಇಬ್ಬರು ಮಹಿಳೆಯರೂ ಭಾಷಣ ಮಾಡಿದರು. ಆ ಕಾಲಕ್ಕೆ ಇದು ಸಾಮಾನ್ಯ ಸಂಗತಿಯಲ್ಲ. ಅದೇ ಜೂನ್ 10ರಂದು ಗಿರಣಿ ಮಾಲೀಕರ ಸಂಘ ವಾರದ ರಜೆಗೆ ಒಪ್ಪಿತು. ಮರುವರ್ಷ ಅದು ಕಾಯಿದೆಯಾಯಿತು.

ವಿಧವೆಯರ ಕೇಶಮುಂಡನ ಮಾಡಬಾರದೆಂದು ಮುಂಬಯಿಯ ಕ್ಷೌರಿಕರನ್ನು ಒಗ್ಗೂಡಿಸಿದವರೂ ಇವರೇ. ತಮ್ಮ ಕಸುಬಿನ ಕತ್ತಿಯನ್ನು ಯಾವುದಕ್ಕೆ ಬಳಸಬಾರದೆಂದು ಕ್ಷೌರಿಕರೇ ನಿರ್ಧರಿಸಿದ ಆ ಪ್ರಸಂಗ ನನಗೆ ರಜೆಯ ಕಥೆಗಿಂತಲೂ ದೊಡ್ಡದಾಗಿ ಕಾಣುತ್ತದೆ.

1897ರಲ್ಲಿ ಪ್ಲೇಗು ಅವರನ್ನು ಒಯ್ದಿತು, ಐವತ್ತು ತುಂಬಿರಲಿಲ್ಲ. ಅಂಚೆ ಇಲಾಖೆ 2005ರಲ್ಲಿ ಅವರ ಅಂಚೆಚೀಟಿ ಹೊರಡಿಸಿತು. ಆ ವರ್ಷ ನಾನಿನ್ನೂ ತರಗತಿಯಲ್ಲಿ "1891: ಸರ್ಕಾರವು ಕಾರ್ಮಿಕರಿಗೆ ವಾರದ ರಜೆ ನೀಡಿತು" ಎಂದೇ ಟಿಪ್ಪಣಿ ಬರೆಸುತ್ತಿದ್ದೆ. ನನ್ನ ಬಳಿ ಓದಿದವರು ಆ ಸಾಲನ್ನು ದಯವಿಟ್ಟು ತಿದ್ದಿಕೊಳ್ಳಬೇಕು.