ಒಂದೇ ಅಕ್ಷರದ ತಪ್ಪು

1982ರಲ್ಲಿ ಅಮೆರಿಕದ ರಾಬರ್ಟ್ ವೈನ್‌ಬರ್ಗ್, ಮರಿಯಾನೊ ಬಾರ್ಬಾಸಿಡ್, ಮೈಕೆಲ್ ವಿಗ್ಲರ್ ಇವರ ತಂಡಗಳು ಮೂತ್ರಕೋಶದ ಕ್ಯಾನ್ಸರಿನಿಂದ ಪಡೆದ ‘ರಾಸ್’ ಜೀನನ್ನು ಸಹಜ ಜೀನಿನೊಡನೆ ಹೋಲಿಸಿ ನೋಡಿದವು. ಸಾವಿರಾರು ಅಕ್ಷರಗಳ ನಡುವೆ ಕೆಡುಕಿಗೆ ಕಾರಣವಾದದ್ದು ಒಂದೇ: ಡಿಎನ್‌ಎಯಲ್ಲಿ ‘ಜಿ’ ಇರಬೇಕಾದಲ್ಲಿ ‘ಟಿ’ ಇತ್ತು. ಇಷ್ಟೇನಾ ಎನ್ನಿಸುತ್ತದಲ್ಲವೇ? ಆದರೆ ಅಷ್ಟರಿಂದಲೇ ಪ್ರೋಟೀನಿನ 12ನೆಯ ಅಮೈನೋ ಆಮ್ಲವಾದ ಗ್ಲೈಸೀನ್ ಹೋಗಿ ವ್ಯಾಲೀನ್ ಬಂದಿತ್ತು. ಗ್ಲೈಸೀನ್ ಅಮೈನೋ ಆಮ್ಲಗಳಲ್ಲೆಲ್ಲ ಚಿಕ್ಕದು. ಆ ಇಕ್ಕಟ್ಟಿನ ಜಾಗದಲ್ಲಿ ದೊಡ್ಡದೊಂದು ಬಂದು ಕುಳಿತರೆ ರಾಸ್ ತನ್ನ ಕೆಲಸ ನಿಲ್ಲಿಸಲಾರದು. ಕೋಶಕ್ಕೆ ‘ಬೆಳೆ, ಇಬ್ಭಾಗವಾಗು’ ಎಂದು ಹೇಳುತ್ತಲೇ ಇರುತ್ತದೆ.

ಶ್ವಾಸಕೋಶದ ಹಲವು ಕ್ಯಾನ್ಸರ್‌ಗಳಲ್ಲಿ, ಸೋದರ ಪ್ರೋಟೀನಾದ ಕೆ-ರಾಸ್‌ನ ಅದೇ 12ನೆಯ ಜಾಗಕ್ಕೆ ಬರುವುದು ಗಂಧಕವುಳ್ಳ ಸಿಸ್ಟೀನ್. ರಾಸ್‌ಗೆ ಮದ್ದೇ ಇಲ್ಲವೆಂದು ಬಹುಕಾಲ ನಂಬಲಾಗಿತ್ತು. 2021ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೊಟೊರಾಸಿಬ್ ಔಷಧಿ ಆ ಗಂಧಕವನ್ನೇ ಹಿಡಿದುಕೊಳ್ಳುತ್ತದೆ. ಅಲ್ಲಿ ಗ್ಲೈಸೀನ್ ಇರುವ ಸಹಜ ರಾಸ್‌ನಲ್ಲಿ ಅದಕ್ಕೆ ಹಿಡಿತ ಸಿಗುವುದಿಲ್ಲ.