ಆಟದ ಬಯಲೂ ಮಣ್ಣಿನ ಕುಡಿಕೆಯೂ

ಕೋಣೆಯ ಕೂಸು ಕೊಳೆಯಿತು, ಓಣಿಯ ಕೂಸು ಬೆಳೆಯಿತು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಊರು ಬಿಟ್ಟು ಮುಂಬಯಿಗೆ ಬಂದ ನಾವು ಈ ಗಾದೆಯನ್ನು ಮರೆತಿಲ್ಲ. ಆದರೆ ಅದರಂತೆ ನಡೆಯುವುದು ಮಾತ್ರ ಕಡಿಮೆ. ಮೊದಲು ನಮ್ಮ ಮಕ್ಕಳಿಗೆ ಚಾಳಿನ ಪಡಸಾಲೆಯಾದರೂ ಇತ್ತು. ಈಗ ಇರುವುದು ಕಟ್ಟಡದ ಕೆಳಗೆ ಸಾಲಾಗಿ ನಿಂತ ಮೋಟಾರುಗಳ ನಡುವಿನ ಸಂದು. ಅಷ್ಟರಲ್ಲಿಯೇ ಅವರು ಗೋಡೆಯ ಮೇಲೆ ಇದ್ದಿಲಿನಿಂದ ಮೂರು ಗೆರೆ ಎಳೆದು ವಿಕೆಟ್ಟು ಮಾಡಿಕೊಳ್ಳುತ್ತಾರೆ. ಮೇಲಿನ ಮಹಡಿಯಿಂದ ತಾಯಿ ‘ಆಟ ಸಾಕೋ, ಇನ್ನು ಪುಸ್ತಕ ಹಿಡಿ’ ಎಂದು ಕೂಗುತ್ತಾಳೆ. ಸಂಘದ ಸಭೆಯಲ್ಲಿ ಮಕ್ಕಳ ಕ್ರೀಡಾಸ್ಪರ್ಧೆಗೆ ನಾಲ್ಕು ಕಾಸು ತೆಗೆದಿಡುವ ಮಾತು ಬಂದರೆ, ಆಟದಿಂದ ಏನು ಬಂತು ಎನ್ನುವವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಉಳಿದವರು, ಆಟದಿಂದ ಗುಣ ಬೆಳೆಯುತ್ತದೆ, ಶಿಸ್ತು ಬರುತ್ತದೆ, ಮೇಲು ಕೀಳೆಂಬುದು ಅಳಿಯುತ್ತದೆ ಎಂದು ಉತ್ತರ ಹೇಳುತ್ತಾರೆ. ಈ ಉತ್ತರ ಎಷ್ಟರಮಟ್ಟಿಗೆ ನಿಜ? ಭಾಷಣದಿಂದ ಇದನ್ನು ಅಳೆಯುವುದಕ್ಕಿಂತ ಒಬ್ಬ ಮನುಷ್ಯನ ಚರಿತ್ರೆಯಿಂದ ಅಳೆಯುವುದು ಲೇಸು. ಅಂಥ ಒಬ್ಬರು ನಮ್ಮ ಧಾರವಾಡದಲ್ಲಿ ಹುಟ್ಟಿ, ಪುಣೆಯಲ್ಲಿ ಬೆಳೆದು, ಈ ಮುಂಬಯಿಯಲ್ಲಿ ಹೆಸರಾದರು.

ಅವರೇ ಪಾಲವಣಕರ ಬಾಳೂ. ಹುಟ್ಟಿದ್ದು 1870ರ ದಶಕದ ನಡುವಿನಲ್ಲಿ. ಧಾರವಾಡ ಆಗ ಮುಂಬಯಿ ಇಲಾಖೆಗೆ ಸೇರಿತ್ತು. ಮನೆತನದ ಮೂಲ ಊರು ಕೊಂಕಣದ ಪಾಲವಣ, ಮನೆಮಾತು ಮರಾಠಿ. ಹುಟ್ಟಿದ ಊರೊಂದನ್ನೇ ಹಿಡಿದು ಅವರನ್ನು ಕನ್ನಡಿಗರೆಂದು ಎಳೆದುಕೊಳ್ಳುವ ಆಸೆ ನಮಗಿಲ್ಲ. ರಾಜ್ಯೋತ್ಸವದ ಉತ್ಸಾಹದಲ್ಲಿ ಅಂಥ ಎಳೆದಾಟ ನಮ್ಮಲ್ಲಿ ಸಾಕಷ್ಟು ನಡೆಯುತ್ತದೆ. ಆದರೆ ಹೊಟ್ಟೆಪಾಡಿಗಾಗಿ ಊರಿಂದ ಊರಿಗೆ ಹೋದ ಸಂಸಾರವದು, ತಂದೆ ಸೈನ್ಯದ ನೌಕರಿಯನ್ನು ನಂಬಿದವರು ಎಂಬಷ್ಟರಿಂದಲೇ ನಮ್ಮಂಥ ವಲಸೆಗಾರರಿಗೆ ಅವರು ದೂರದವರಲ್ಲ. ಜಾತಿಯಿಂದ ಅವರು ಚಮಾರರು. ಅಂದಿನ ಸಮಾಜ ಅಸ್ಪೃಶ್ಯರೆಂದು ದೂರವಿಟ್ಟವರು.

ಆಟದಿಂದ ಶೀಲ ರೂಪುಗೊಳ್ಳುತ್ತದೆ ಎಂಬ ಮಾತನ್ನು ಆ ಕಾಲದಲ್ಲಿ ಬಹಳವಾಗಿ ಹೇಳುತ್ತಿದ್ದವರು ಇಂಗ್ಲಿಷರು. ತಮ್ಮ ಶಾಲೆಗಳಲ್ಲಿ ಕ್ರಿಕೆಟ್ಟನ್ನು ಅವರು ಒಂದು ವ್ರತದಂತೆ ನಡೆಸಿಕೊಂಡು ಬಂದಿದ್ದರು. ಅದೇ ಇಂಗ್ಲಿಷರು ಮುಂಬಯಿಯ ಮೈದಾನದಲ್ಲಿ ಪೋಲೋ ಆಡಿ, ಪಾರಸೀ ಮತ್ತು ಹಿಂದೂ ಹುಡುಗರು ಆಡುತ್ತಿದ್ದ ನೆಲವನ್ನು ಕುದುರೆಗಳ ಗೊರಸಿನಿಂದ ಕೆದರಿಸುತ್ತಿದ್ದರು. ಹುಡುಗರು ವರ್ಷಗಟ್ಟಲೆ ಅರ್ಜಿ ಬರೆಯಬೇಕಾಯಿತು. ಶಾಪೂರಜಿ ಸೊರಾಬಜಿ ಎಂಬ ಪಾರಸೀ ಮಹನೀಯರು 1897ರಲ್ಲಿ ಈ ಜಗಳದ ಕಥೆಯನ್ನು ಪುಸ್ತಕವಾಗಿಯೇ ಬರೆದಿಟ್ಟಿದ್ದಾರೆ. ನ್ಯಾಯದ ಆಟ ಎಂಬ ಮಾತು ಹೇಳಿದವರ ಬಾಯಲ್ಲಿ ಒಂದು ತೂಕ, ಕೇಳಿದವರ ಕಿವಿಯಲ್ಲಿ ಇನ್ನೊಂದು ತೂಕವಾಗಿತ್ತೆಂದು ಇದರಿಂದ ತಿಳಿಯುತ್ತದೆ.

ಪುಣೆಯಲ್ಲಿ ಬಾಳೂ ಮತ್ತು ತಮ್ಮ ಶಿವರಾಮ ಆಟ ಕಲಿತದ್ದು ಸೈನ್ಯದ ಅಧಿಕಾರಿಗಳು ಬಿಟ್ಟುಹೋದ ಹಳೆಯ ಚೆಂಡು ದಾಂಡುಗಳಿಂದ. ಬಾಳೂ ಅವರ ಮೊದಲ ನೌಕರಿ ಪಾರಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ: ನೆಲ ಗುಡಿಸುವುದು, ರೋಲರ್ ಎಳೆಯುವುದು, ಸದಸ್ಯರಿಗೆ ಆಗೀಗ ಚೆಂಡು ಎಸೆಯುವುದು. ತಿಂಗಳಿಗೆ ಮೂರು ರೂಪಾಯಿ. 1892ರ ಸುಮಾರಿಗೆ ಯುರೋಪಿಯನರ ಪೂನಾ ಕ್ಲಬ್ಬಿಗೆ ಹೋದಾಗ ಅದು ನಾಲ್ಕು ರೂಪಾಯಿ ಆಯಿತು. ಬಲೆ ಕಟ್ಟುವುದು, ಗೆರೆ ಹಾಕುವುದು, ಟೆನ್ನಿಸ್ ಅಂಗಳ ನೋಡಿಕೊಳ್ಳುವುದು ಎಲ್ಲವೂ ಆ ನಾಲ್ಕು ರೂಪಾಯಿಯಲ್ಲಿಯೇ. ನಮ್ಮ ಹುಡುಗರು ಕಾಲೇಜಿನ ಮೆಟ್ಟಿಲು ಹತ್ತುವ ವಯಸ್ಸು ಅದು. ಅಲ್ಲಿ ಒಬ್ಬ ಸದಸ್ಯರು, ಈ ಹುಡುಗನ ಎಡಗೈಯಲ್ಲಿ ಏನೋ ಇದೆಯೆಂದು ಕಂಡು ಬಲೆಯಲ್ಲಿ ಚೆಂಡು ಎಸೆಯಲು ಹಚ್ಚಿದರು. ಇಲಾಖೆಯಲ್ಲಿ ಹೆಸರಾಂತ ಬ್ಯಾಟುಗಾರರಾಗಿದ್ದ ಕ್ಯಾಪ್ಟನ್ ಜೆ. ಜಿ. ಗ್ರೇಗ್ ಉಳಿದವರು ಬರುವ ಮೊದಲೇ ಬಂದು ಬಾಳೂ ಅವರ ಎದುರು ಅಭ್ಯಾಸ ಮಾಡುತ್ತಿದ್ದರು; ತಮ್ಮನ್ನು ಔಟ್ ಮಾಡಿದ ಪ್ರತಿಸಲಕ್ಕೂ ಎಂಟಾಣೆ ಕೊಡುತ್ತಿದ್ದರೆಂದು ಹೇಳುವುದುಂಟು.

ಹೀಗೆ ದಿನದಿನವೂ ಗಂಟೆಗಟ್ಟಲೆ ಎಸೆದು ಎಸೆದು ಬಾಳೂ ತಮ್ಮ ಕೈಯನ್ನು ಹದಮಾಡಿಕೊಂಡರು. ನಿಧಾನವಾದ ಚೆಂಡು, ಅದನ್ನು ಎರಡೂ ಕಡೆಗೆ ತಿರುಗಿಸುವ ಚಳಕ, ಗತಿಯಲ್ಲಿ ಕಂಡೂ ಕಾಣದ ವ್ಯತ್ಯಾಸ. ಆದರೆ ಅಷ್ಟು ವರ್ಷಗಳಲ್ಲಿ ಒಂದು ಸಲವೂ ಅವರ ಕೈಗೆ ದಾಂಡು ಕೊಟ್ಟವರಿಲ್ಲ. ಬ್ಯಾಟು ಹಿಡಿಯುವುದು ದೊರೆಗಳ ಕೆಲಸ, ಚೆಂಡು ಎಸೆಯುವುದು ಆಳಿನ ಕೆಲಸ. ತಾಳ್ಮೆ, ಶಿಸ್ತು ಎಂದು ನಾವು ಸುಲಭವಾಗಿ ಅನ್ನುತ್ತೇವಲ್ಲ, ಅದು ಈ ಹುಡುಗನಿಗೆ ಬಂದದ್ದು ಇಂಥ ಶಾಲೆಯಲ್ಲಿ. ಇದನ್ನು ಆಟದ ಮಹಿಮೆಯೆನ್ನಬೇಕೋ ಹುಡುಗನ ಮಹಿಮೆಯೆನ್ನಬೇಕೋ ನಮಗೆ ಸಂದೇಹವೇ.

ಪುಣೆಯ ಹಿಂದೂ ತಂಡಕ್ಕೆ ಯುರೋಪಿಯನರನ್ನು ಸೋಲಿಸುವ ಹಂಬಲವಿತ್ತು. ಸೋಲಿಸಬಲ್ಲ ಕೈ ಊರಲ್ಲಿಯೇ ಇತ್ತು. ಆದರೆ ಅದು ಮುಟ್ಟಬಾರದ ಕೈ. ಸೇರಿಸಬೇಕೆ ಬೇಡವೆ ಎಂದು ಚರ್ಚೆಯಾಯಿತು. ತಂಡದಲ್ಲಿದ್ದ ತೆಲುಗು ಆಟಗಾರರು ಸೇರಿಸೋಣವೆಂದರು. ಬ್ರಾಹ್ಮಣ ಆಟಗಾರರು ಹಿಂಜರಿದರು. ಬಾಳೂ ಅವರನ್ನು ಬಿಟ್ಟರೆ ಹಿಂದೂಗಳಷ್ಟು ಮೂಢರಿಲ್ಲವೆಂಬ ಅರ್ಥದಲ್ಲಿ ಗ್ರೇಗ್ ಆಡಿದ ಮಾತೂ ಬಂದು ಬಿದ್ದಿತು. ಕೊನೆಗೆ ಸೇರಿಸಿಕೊಂಡರು. ಬಯಲಲ್ಲಿ ಎಲ್ಲರೂ ಅದೇ ಚೆಂಡನ್ನು ಮುಟ್ಟಿದರು. ಬಾಳೂ ಎಸೆದ ಚೆಂಡನ್ನು ಹಿಡಿದವರು ಹಿಗ್ಗಿದರು. ಬಿಡುವಿನ ವೇಳೆ ಬಂದಾಗ ಉಳಿದ ಹತ್ತು ಮಂದಿ ಪೆವಿಲಿಯನ್ನಿನ ಒಳಗೆ ಪಿಂಗಾಣಿ ಬಟ್ಟಲಿನಲ್ಲಿ ಚಹಾ ಕುಡಿದರು. ಬಾಳೂ ಅವರಿಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ. ಮುಖ ತೊಳೆಯಬೇಕೆಂದರೆ ಅವರಂತೆಯೇ ಅಸ್ಪೃಶ್ಯನೆನಿಸಿದ ಆಳೊಬ್ಬ ಬಂದು ನೀರು ಹೊಯ್ಯಬೇಕು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಆ ಹತ್ತು ಮಂದಿ ಕೆಟ್ಟವರೆಂದು ಹೇಳಿ ಮುಂದೆ ಹೋಗುವುದು ಸುಲಭ. ಅವರು ಓದಿದವರು, ಮನೆತನಸ್ಥರು, ಚಿಕ್ಕಂದಿನಿಂದ ಆಡಿದವರು. ಬಯಲಿನ ಗೆರೆಯ ಒಳಗೆ ಅವರು ಆಟದ ನೀತಿಯನ್ನು ಪಾಲಿಸಿದರು. ಗೆರೆ ದಾಟಿ ಹೊರಬಂದೊಡನೆ ಮನೆಯ ನೀತಿ ಅವರನ್ನು ಹಿಡಿಯಿತು. ಆಟ ಕಲಿಸಿದ್ದು ಗೆರೆಯಿಂದ ಹೊರಗೆ ಬರಲು ಬಹಳ ವರ್ಷ ಬೇಕಾಯಿತು. ತಾನಾಗಿ ಬರಲೂ ಇಲ್ಲ, ಯಾರೋ ಕೈಹಿಡಿದು ತರಬೇಕಾಯಿತು.

ಸಾತಾರಾದಲ್ಲಿ ಯುರೋಪಿಯನರ ತಂಡದ ಮೇಲೆ ಬಾಳೂ ಏಳು ವಿಕೆಟ್ಟು ಕಿತ್ತ ಪಂದ್ಯದ ತರುವಾಯ ಪುಣೆಯಲ್ಲಿ ಸಮಾರಂಭ ನಡೆದು, ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಅವರಿಗೆ ಹಾರ ಹಾಕಿದರು. ಕುಡಿಕೆಯ ಚಹಾ ಕೊಟ್ಟ ಊರಿನಲ್ಲಿಯೇ ಈ ಹಾರವೂ ಬಿತ್ತು. 1896ರಲ್ಲಿ ಪ್ಲೇಗಿನ ಹೊತ್ತಿಗೆ ಬಾಳೂ ಮುಂಬಯಿಗೆ ಬಂದರು. ಕೆಲವು ಕಾಲ ಸೈನ್ಯದಲ್ಲಿ, ಮುಂದೆ ಬಿ. ಬಿ. ಸಿ. ಐ. ರೇಲ್ವೆಯಲ್ಲಿ ನೌಕರಿ ಮಾಡಿದರು. ಆಡಿದ್ದು ಸಮುದ್ರ ದಂಡೆಯ ಹಿಂದೂ ಜಿಮಖಾನಾದ ಪರವಾಗಿ. ಇಂದು ಮರೀನ್ ಡ್ರೈವಿನಲ್ಲಿ ನಾವು ಗಾಳಿ ತಿನ್ನಲು ಹೋಗುವಾಗ ಕಾಣುವ ಬಯಲದು. ಅಲ್ಲಿ ಜೊತೆಗಾರರು ಅವರೊಡನೆ ಒಂದೇ ಪಂಕ್ತಿಯಲ್ಲಿ ಉಂಡರು. 1906ರ ಫೆಬ್ರವರಿಯಲ್ಲಿ ಹಿಂದೂಗಳು ಯುರೋಪಿಯನರನ್ನು 109 ಓಟಗಳಿಂದ ಸೋಲಿಸಿದಾಗ ಬಾಳೂ, ಶಿವರಾಮ ಇಬ್ಬರೂ ತಂಡದಲ್ಲಿದ್ದರು. ‘ಇಂಡಿಯನ್ ಸೋಶಿಯಲ್ ರಿಫಾರ್ಮರ್’ ಪತ್ರಿಕೆ, ಈ ಚಮಾರ ಸೋದರರನ್ನು ಜಿಮಖಾನಾ ಸೇರಿಸಿಕೊಂಡದ್ದು ಸಾವಿರಾರು ಹಿಂದೂ ತರುಣರ ಮನಸ್ಸನ್ನು ಉಳಿದ ಎಲ್ಲ ಪ್ರಯತ್ನಗಳಿಗಿಂತಲೂ ಹೆಚ್ಚು ಉದಾರಗೊಳಿಸಿದೆಯೆಂದು ಆಗ ಬರೆಯಿತು. ಮುಂದಾದುದನ್ನು ಬಲ್ಲ ನಮಗೆ ಇದು ತುಸು ಅವಸರದ ಮಾತೆನಿಸುತ್ತದೆ, ಆದರೂ ಸುಳ್ಳಲ್ಲ.

1911ರಲ್ಲಿ ಭಾರತದ ಮೊದಲ ತಂಡ ಪಟಿಯಾಲೆಯ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋಯಿತು. ಬೆಂಗಳೂರಿನ ಬಿ. ಜಯರಾಮ್ ಸಹ ಆ ತಂಡದಲ್ಲಿದ್ದರು. ಮಹಾರಾಜರಿಗೆ ಅಲ್ಲಿ ಪಟ್ಟಾಭಿಷೇಕದ ಸಂಭ್ರಮವೇ ಹೆಚ್ಚಾಯಿತು. ತಂಡ ಗೆದ್ದುದಕ್ಕಿಂತ ಸೋತದ್ದು ಬಹಳ. ಹಾಗಿದ್ದೂ ಬಾಳೂ ಒಬ್ಬರೇ 114 ವಿಕೆಟ್ಟು ತೆಗೆದರು, ಸರಾಸರಿ 18.84. ತಿರುಗಿ ಬಂದಾಗ ಮುಂಬಯಿಯ ದಲಿತ ಬಂಧುಗಳು ಅವರನ್ನು ಸನ್ಮಾನಿಸಿದರು. ಆ ದಿನದ ಮಾನಪತ್ರವನ್ನು ಬರೆದವರು ಆಗಿನ್ನೂ ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡಕರರು.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಬಾಳೂ ಅವರಿಗೆ ದೊರೆಯಲಿಲ್ಲ. 1913ರಲ್ಲಿ ನಾಯಕರಾದ ಎಂ. ಡಿ. ಪೈ ಅವರು ತಮ್ಮ ಸತ್ಕಾರದ ಸಭೆಯಲ್ಲಿಯೇ ಎದ್ದು ನಿಂತು, ಈ ಮಾನ ಹಿರಿಯ ಆಟಗಾರರಾದ ಬಾಳೂ ಅವರಿಗೆ ಸಲ್ಲಬೇಕಾಗಿತ್ತೆಂದು ಹೇಳಿದರು. ಗೆರೆಯೊಳಗೆ ಕಲಿತದ್ದನ್ನು ಗೆರೆಯಾಚೆಗೆ ಕೈಹಿಡಿದು ತಂದವರು ಇಂಥವರು. ತನಗೆ ಹಾರ ಹಾಕಿದ ಸಭೆಯಲ್ಲಿ ಇದು ನನ್ನದಲ್ಲ ಎಂದು ಹೇಳಲು ಎಷ್ಟು ವರ್ಷ ಒಬ್ಬನ ಪಕ್ಕದಲ್ಲಿ ನಿಂತು ಆಡಿರಬೇಕು! ಬಾಳೂ ಅವರ ವಿಕೆಟ್ಟುಗಳ ಲೆಕ್ಕ ಪುಸ್ತಕಗಳಲ್ಲಿ ಸಿಗುತ್ತದೆ: ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 179. ಪೈ ಅವರ ಆ ಒಂದು ಮಾತನ್ನು ಯಾವ ಲೆಕ್ಕದಲ್ಲಿ ಬರೆಯುವುದು?

ಕಿರಿಯ ತಮ್ಮ ವಿಠ್ಠಲ ಬೆಳೆದದ್ದು ಬೇರೆ ಗಾಳಿಯಲ್ಲಿ. ಅಣ್ಣ ರೋಲರ್ ಎಳೆದು ಸಂಪಾದಿಸಿದ ಜಾಗದಿಂದ ಅವರ ಆಟ ಆರಂಭವಾಯಿತು. ಅವರ ಕೈಯಲ್ಲಿ ದಾಂಡಿತ್ತು. ಮುಂದೆ ಅವರು ಆ ಕಾಲದ ಉತ್ತಮ ಬ್ಯಾಟುಗಾರರಲ್ಲಿ ಒಬ್ಬರಾದರು. 1920ರ ಚತುಷ್ಕೋಣ ಪಂದ್ಯಾವಳಿಗೆ ಬಾಳೂ ಅವರನ್ನು ಕೈಬಿಟ್ಟರು. ಪೈ ಅವರ ಕಾಯಿಲೆಯಿಂದ ನಾಯಕಸ್ಥಾನ ತೆರವಾದಾಗ, ಹಿರಿಯರಾದ ವಿಠ್ಠಲರನ್ನು ಬಿಟ್ಟು ಪುಣೆಯ ದಿ. ಬ. ದೇವಧರರನ್ನು ನಾಯಕರನ್ನಾಗಿ ಆರಿಸಿದರು. ದೇವಧರರು ದೊಡ್ಡ ಆಟಗಾರರೇ, ದೋಷ ಆರಿಸಿದವರದು. ವಿಠ್ಠಲ, ಶಿವರಾಮ ಇಬ್ಬರೂ ತಂಡದಿಂದ ಹೊರನಡೆದು, ಕಾರಣವನ್ನು ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು. ಅಣ್ಣ ಕುಡಿಕೆಯ ಚಹಾವನ್ನು ಮೌನವಾಗಿ ಕುಡಿದಿದ್ದರು. ತಮ್ಮಂದಿರು ಬಟ್ಟಲನ್ನೇ ತಳ್ಳಿದರು. ಎರಡನ್ನೂ ಕಲಿಸಿದ್ದು ಅದೇ ಆಟ. ಅಂತಿಮ ಪಂದ್ಯಕ್ಕೆ ಪೈ ಮರಳಿ ಬಂದರು, ಬಾಳೂ ಉಪನಾಯಕರಾದರು. ಪೈ ಕೆಲವು ಹೊತ್ತು ಬಯಲು ಬಿಟ್ಟು ನಡೆದು ಬಾಳೂ ಅವರಿಗೆ ನಾಯಕತ್ವ ಬಿಟ್ಟುಕೊಟ್ಟರು. ಇಪ್ಪತ್ತು ವರ್ಷಕ್ಕೂ ಮಿಕ್ಕಿದ ಆಟದ ಕೊನೆಯಲ್ಲಿ ಆ ಕೆಲವು ಹೊತ್ತು!

ಅಸ್ಪೃಶ್ಯತೆಯ ವಿರುದ್ಧ ಗಾಂಧೀಜಿಯವರ ಮಾತು ಊರೂರಿಗೆ ಹಬ್ಬಿದ ಕಾಲವದು. 1923ರಲ್ಲಿ ವಿಠ್ಠಲರನ್ನು ನಾಯಕರನ್ನಾಗಿ ಮಾಡಿದರು. ಹಿಂದೂಗಳು ಗೆದ್ದರು. ಜನ ಬಯಲಿಗೆ ನುಗ್ಗಿ ವಿಠ್ಠಲರನ್ನು ಹೆಗಲ ಮೇಲೆ ಹೊತ್ತುಕೊಂಡರು. ಆ ಹೆಗಲುಗಳು ಯಾವ ಯಾವ ಜಾತಿಯವೆಂದು ಅಂದು ಯಾರೂ ಕೇಳಲಿಲ್ಲವಷ್ಟೆ.

ಬಾಳೂ ಮುಂದೆ ಸಾರ್ವಜನಿಕ ಜೀವನಕ್ಕೆ ಇಳಿದು 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಒಬ್ಬರಾದರು. 1937ರ ಮುಂಬಯಿ ವಿಧಾನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ನಿಲ್ಲಿಸಿದ್ದು, ಮಾನಪತ್ರ ಬರೆದಿದ್ದ ಅದೇ ಅಂಬೇಡಕರರ ಎದುರಿಗೆ. ಅಂಬೇಡಕರರಿಗೆ 13,245 ಮತಗಳು, ಬಾಳೂ ಅವರಿಗೆ 11,225. ಒಬ್ಬರು ಎದುರಿಸಿ ನಿಂತು ಗೆಲ್ಲಬೇಕೆಂದವರು, ಇನ್ನೊಬ್ಬರು ಕೂಡಿ ಆಡಿ ಒಲಿಸಬೇಕೆಂದವರು. ಕೂಡಿ ಆಡಿಯೇ ಬೆಳೆದ ಮನುಷ್ಯನಿಗೆ ಆ ದಾರಿ ಸಹಜವಾಗಿತ್ತು. ಕುಡಿಕೆಯನ್ನು ನೆನೆದಾಗ ನಮ್ಮ ಮನಸ್ಸು ಅಂಬೇಡಕರರ ಕಡೆಗೆ ವಾಲುತ್ತದೆ. ಪೈ ಅವರನ್ನು ನೆನೆದಾಗ ಬಾಳೂ ಅವರ ಕಡೆಗೆ.

ನಮ್ಮ ಮಕ್ಕಳು ಭಾನುವಾರ ಆಜಾದ್ ಮೈದಾನಕ್ಕೆ ಹೋಗುತ್ತಾರೆ. ಅಲ್ಲಿ ಒಂದು ಪಂದ್ಯದ ಚೆಂಡು ಇನ್ನೊಂದು ಪಂದ್ಯದೊಳಗೆ ಉರುಳಿ ಬರುತ್ತದೆ. ಯಾವ ಮನೆಯವನು, ಯಾವ ಭಾಷೆಯವನು ಎಂದು ಕೇಳದೆ ತಿರುಗಿ ಎಸೆಯುತ್ತಾರೆ. ಬಿಸಿಲಿಳಿದ ಮೇಲೆ ಜೊತೆಯ ಹುಡುಗರನ್ನು ಕರೆದುಕೊಂಡು ಮನೆಗೆ ಬಂದು ನೀರು ಕೇಳುತ್ತಾರೆ. ಆಗ ಒಳಗಿನಿಂದ ಬರುವ ಲೋಟಗಳು ಎಷ್ಟು ಬಗೆಯವು ಎಂಬುದು ನಮ್ಮ ನಮ್ಮ ಮನೆಯವರಿಗೇ ಗೊತ್ತು.

ಬಾಳೂ 1955ರ ಜುಲೈಯಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಶವದ ಜೊತೆಗೆ ಆಟಗಾರರೂ ನಡೆದರು, ದಲಿತ ನಾಯಕರೂ ನಡೆದರು.