44 ಪಾಯಿಂಟುಗಳ ಕಂದಕ

ಮೆಲ್ಬರ್ನ್ ಕ್ರಿಕೆಟ್ ಮೈದಾನ ಕನ್ನಡಿಗರಿಗೆ ಅಪರಿಚಿತವೇನಲ್ಲ. 1977–78ರ ಪ್ರವಾಸದಲ್ಲಿ ನಮ್ಮ ಬಿ.ಎಸ್. ಚಂದ್ರಶೇಖರ್ ಎರಡೂ ಇನಿಂಗ್ಸ್‌ಗಳಲ್ಲಿ ತಲಾ 52 ರನ್ನಿಗೆ ಆರು ವಿಕೆಟ್ ಕಿತ್ತು, ಆಸ್ಟ್ರೇಲಿಯಾದ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಜಯ ತಂದುಕೊಟ್ಟದ್ದು ಅಲ್ಲಿಯೇ. ಆದರೆ ಆ ಮೈದಾನ ಕಂಡ ಅತಿ ದೊಡ್ಡ ಕ್ರೀಡಾ ಜನಸಂದಣಿ ಕ್ರಿಕೆಟ್ಟಿಗೆ ಸೇರಿದ್ದಲ್ಲ. 1970ರ ಸೆಪ್ಟೆಂಬರ್ 26ರಂದು 1,21,696 ಜನ ಅಲ್ಲಿ ನೆರೆದದ್ದು ಆಸ್ಟ್ರೇಲಿಯನ್ ಫುಟ್‌ಬಾಲ್ ನೋಡಲು. ಆ ಆಟದ ಮಟ್ಟಿಗೆ ಅದು ಇಂದಿಗೂ ಮುರಿಯದ ದಾಖಲೆ.

ಈ ಆಟ ಕ್ರಿಕೆಟ್ಟಿನ ಸೋದರನೇ. ಚಳಿಗಾಲದಲ್ಲಿ ಕ್ರಿಕೆಟ್ ಆಟಗಾರರ ಮೈ ಜಡ್ಡುಗಟ್ಟದಿರಲೆಂದು ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ ಮುಂದಿಟ್ಟ ಸಲಹೆಯಿಂದ ಇದು ಹುಟ್ಟಿತು. ಇದರ ಮೊದಲ ನಿಯಮಗಳು ಬರಹಕ್ಕಿಳಿದದ್ದು 1859ರಲ್ಲಿ. ತಂಡಕ್ಕೆ 18 ಜನ, ಚೆಂಡು ಮೊಟ್ಟೆಯಾಕಾರದ್ದು. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡು ಒದ್ದರೆ ಗೋಲು, 6 ಪಾಯಿಂಟು. ಸ್ವಲ್ಪ ತಪ್ಪಿ ಪಕ್ಕದ ಕಂಬದೊಳಗೆ ಹೋದರೆ ‘ಬಿಹೈಂಡ್’, ಒಂದೇ ಪಾಯಿಂಟು. ಚೆಂಡನ್ನು ಎಸೆಯುವಂತಿಲ್ಲ, ಒದೆಯಬೇಕು, ಇಲ್ಲವೇ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಬೇಕು. ಹೀಗೆ ಗುದ್ದುವುದೇ ‘ಹ್ಯಾಂಡ್‌ಬಾಲ್’.

ಅಂದಿನ ಫೈನಲ್‌ನಲ್ಲಿ ಎದುರಾದವು ಮೆಲ್ಬರ್ನ್ ನಗರದ ಎರಡು ಬಡಾವಣೆಗಳ ತಂಡಗಳು: ಕಾಲಿಂಗ್‌ವುಡ್ ಮತ್ತು ಕಾರ್ಲ್‌ಟನ್. ಹಗೆತನ ಹಳೆಯದು. ಸೆಮಿಫೈನಲ್‌ನಲ್ಲೂ ಕಾಲಿಂಗ್‌ವುಡ್ಡೇ ಗೆದ್ದಿತ್ತು. ಫೈನಲ್‌ನ ಮಧ್ಯಂತರದ ಹೊತ್ತಿಗೆ ಅದು 73–29ರಿಂದ ಮುಂದಿತ್ತು. ಆ 44 ಪಾಯಿಂಟುಗಳ ಕಂದಕವನ್ನು ದಾಟುವುದು ಯಾರಿಂದಲೂ ಆಗದೆಂದೇ ಜನ ತೀರ್ಮಾನಿಸಿದ್ದರು.

ಕಾರ್ಲ್‌ಟನ್‌ನ ತರಬೇತುದಾರ ರಾನ್ ಬರಾಸಿ ವಿರಾಮದಲ್ಲಿ ಎರಡು ಕೆಲಸ ಮಾಡಿದರು. ಚೆಂಡನ್ನು ಸುಮ್ಮನೆ ದೂರಕ್ಕೆ ಒದೆಯದೆ, ಮುಷ್ಟಿಯಿಂದ ಜೊತೆಗಾರನಿಗೆ ದಾಟಿಸಿ ಮುನ್ನುಗ್ಗಿರೆಂದು ಆಜ್ಞಾಪಿಸಿದರು. ಜೊತೆಗೆ ಬೆಂಚಿನಲ್ಲಿ ಕುಳಿತಿದ್ದ ಟೆಡ್ ಹಾಪ್ಕಿನ್ಸ್ ಎಂಬ ಸಣ್ಣಾಳನ್ನು ಕಣಕ್ಕಿಳಿಸಿದರು. ಮೂರನೆಯ ಕ್ವಾರ್ಟರ್‌ನಲ್ಲಿ ಕಾರ್ಲ್‌ಟನ್ ಒಂದೇ ಒಂದು ಬಿಹೈಂಡ್ ಇಲ್ಲದೆ ಎಂಟು ಗೋಲು ಹೊಡೆಯಿತು. ಅಂತರ 17ಕ್ಕೆ ಇಳಿಯಿತು. ಕೊನೆಯ ಕ್ವಾರ್ಟರ್‌ನಲ್ಲಿ ಕಾರ್ಲ್‌ಟನ್ ಐದು ಗೋಲು ಸೇರಿಸಿದರೆ ಕಾಲಿಂಗ್‌ವುಡ್‌ಗೆ ದಕ್ಕಿದ್ದು ಒಂದೇ. ಆಟ ಮುಗಿದಾಗ ಫಲಿತಾಂಶ 111–101. ಹಾಪ್ಕಿನ್ಸ್ ಒಬ್ಬರ ಪಾಲೇ ನಾಲ್ಕು ಗೋಲು.

‘ಆಧುನಿಕ ಹ್ಯಾಂಡ್‌ಬಾಲ್ ಹುಟ್ಟಿದ್ದೇ ಆ ವಿರಾಮದಲ್ಲಿ’ ಎಂಬ ಮಾತು ಅಂದಿನಿಂದ ಚಾಲ್ತಿಗೆ ಬಂತು. ಇದು ಪೂರ್ತಿ ಸತ್ಯವಲ್ಲ. ಜೀಲಾಂಗ್ ತಂಡದ ಗ್ರಹಾಂ ಫಾರ್ಮರ್ 1960ರ ದಶಕದಲ್ಲೇ ಮುಷ್ಟಿಯ ಗುದ್ದನ್ನು ದಾಳಿಯ ಅಸ್ತ್ರವಾಗಿಸಿದ್ದರು. ಬರಾಸಿ ಅದನ್ನು ಕಂಡುಹಿಡಿಯಲಿಲ್ಲ. ಇಡೀ ತಂಡ ಅದನ್ನೇ ನೆಚ್ಚುವಂತೆ ಮಾಡಿದರು. ಕಳೆದುಕೊಳ್ಳಲು ಏನೂ ಉಳಿಯದ ತಂಡ ಮಾತ್ರ ಅಂಥ ಸಾಹಸಕ್ಕೆ ಇಳಿದೀತು.

ದಂತಕಥೆ ಮರೆಸುವ ಇನ್ನೊಂದು ಸಂಗತಿ ಅಂಕಪಟ್ಟಿಯಲ್ಲೇ ಇದೆ. ಮೊದಲರ್ಧದಲ್ಲಿ ಕಾಲಿಂಗ್‌ವುಡ್ 10 ಗೋಲು ಹೊಡೆದಿತ್ತು, ನಿಜ. ಜೊತೆಗೆ 13 ಬಿಹೈಂಡ್‌ಗಳನ್ನೂ ಪೋಲು ಮಾಡಿತ್ತು. ಇಡೀ ಆಟದಲ್ಲಿ ಅದು 31 ಬಾರಿ ಪಾಯಿಂಟು ಗಳಿಸಿತು, ಕಾರ್ಲ್‌ಟನ್ ಬರೀ 26 ಬಾರಿ. ಆದರೆ ಕಾರ್ಲ್‌ಟನ್‌ನ ಒದೆತಗಳಲ್ಲಿ 17 ಗೋಲಾದರೆ ಕಾಲಿಂಗ್‌ವುಡ್‌ನದು 14 ಮಾತ್ರ. ಆ 13ರಲ್ಲಿ ಮೂರು ಗೋಲಾಗಿದ್ದರೆ ಬರಾಸಿಯ ಮಾತನ್ನು ಇಂದು ಯಾರೂ ನೆನೆಯುತ್ತಿರಲಿಲ್ಲ. ಗೆದ್ದವರ ಜಾಣತನ ಇತಿಹಾಸವಾಗುತ್ತದೆ. ಸೋತವರ ಸಣ್ಣ ಸಣ್ಣ ತಪ್ಪುಗಳು ಅಂಕಿಗಳಲ್ಲೇ ಹುದುಗಿರುತ್ತವೆ. ಅಂಥ ಅಂಕಿಗಳನ್ನು ಹೆಕ್ಕಿ ತೆಗೆಯುವ ಕಂಪನಿಯನ್ನು ಮುಂದೆ ಕಟ್ಟಿದವರಲ್ಲಿ ಅದೇ ಹಾಪ್ಕಿನ್ಸ್ ಒಬ್ಬರೆಂಬುದು ಸ್ವಾರಸ್ಯ.

ಆ ಮಧ್ಯಾಹ್ನದ ಭಾರವನ್ನು ಹೊತ್ತವರು ಕಾಲಿಂಗ್‌ವುಡ್‌ನ ತರಬೇತುದಾರ ಬಾಬ್ ರೋಸ್. ಆಟಗಾರರಾಗಿ 1953ರಲ್ಲಿ ಅದೇ ತಂಡದೊಂದಿಗೆ ಪ್ರಶಸ್ತಿ ಗೆದ್ದಿದ್ದ ಅವರಿಗೆ ತರಬೇತುದಾರರಾಗಿ ಅದು ಒಲಿಯಲೇ ಇಲ್ಲ. 1964ರ ಫೈನಲ್ ಅನ್ನು ಅವರ ತಂಡ 4 ಪಾಯಿಂಟುಗಳಿಂದ ಸೋತಿತ್ತು. ಅಂದು ಗೆದ್ದ ಮೆಲ್ಬರ್ನ್ ತಂಡದ ನಾಯಕ ಇದೇ ಬರಾಸಿ. 1966ರಲ್ಲಿ ಸೇಂಟ್ ಕಿಲ್ಡಾ ಎದುರು ಸೋಲು ಒಂದೇ ಪಾಯಿಂಟಿನದು. 1970ರಲ್ಲಿ ಹತ್ತು. 1958ರಲ್ಲಿ ಗೆದ್ದಿದ್ದ ಕಾಲಿಂಗ್‌ವುಡ್ ಮತ್ತೆ ಪ್ರಶಸ್ತಿ ಮುಟ್ಟಿದ್ದು 1990ರಲ್ಲಿ, ಬೇರೊಬ್ಬ ತರಬೇತುದಾರನ ಕೈಕೆಳಗೆ.

ರೋಸ್ 2003ರಲ್ಲಿ ತೀರಿಕೊಂಡರು. ಅವರು ಸೋತ ಮೂರು ಫೈನಲ್‌ಗಳ ಅಂತರವನ್ನು ಒಟ್ಟು ಕೂಡಿಸಿದರೂ ಆಗುವುದು 15 ಪಾಯಿಂಟು. ಮೂರು ಗೋಲಿಗೂ ಅದು ಕಡಿಮೆ.